ಕೆಂಪಡರಿದ ಮೊಗಕ್ಕೆ ಮೃದೂಪಚಾರ

ಮನುಷ್ಯದೇಹಕ್ಕೆ ತಗಲುವ ವ್ಯಾಧಿಗಳಲ್ಲಿ ಹೆಚ್ಚಿನವು ಉಡುಪಿನ ಮರೆಯಲ್ಲಿಯೋ ಚರ್ಮದ ಒಳಗಡೆಯೋ ಅಡಗಿದ್ದು, ರೋಗಿಯಾಗಲಿ ಅವನ ವೈದ್ಯನಾಗಲಿ ಬಾಯಿಬಿಡದ ಹೊರತು ಲೋಕಕ್ಕೆ ತಿಳಿಯದೆ ಉಳಿಯಬಲ್ಲವು. ಮುಖದ ವ್ಯಾಧಿಗೆ ಮಾತ್ರ ಆ ಸೌಕರ್ಯವಿಲ್ಲ. ಎದುರಿಗೆ ಬಂದವರೆಲ್ಲರೂ ಅದನ್ನು ನೋಡುತ್ತಾರೆ. ನೋಡಿದವರಲ್ಲಿ ಹಲವರು ಅದರ ಕಾರಣವನ್ನೂ ತಾವೇ ಊಹಿಸಿಕೊಳ್ಳುತ್ತಾರೆ. ಊಹಿಸಿದ ಕಾರಣಕ್ಕೆ ತಕ್ಕ ಮದ್ದನ್ನೂ ಕೇಳದೆಯೇ ಹೇಳಿ ಹೋಗುತ್ತಾರೆ. ಇಂದಿನ ವೈದ್ಯಶಾಸ್ತ್ರದಲ್ಲಿ ರೊಸೇಸಿಯ ಎಂಬ ಹೆಸರು ಪಡೆದಿರುವ ಚರ್ಮವ್ಯಾಧಿಯ ಆರು ಶತಮಾನಗಳ ಚರಿತ್ರೆಯನ್ನು ಅವಲೋಕಿಸಿದರೆ, ಈ ಸಾಮಾನ್ಯ ಲೋಕರೂಢಿಯೇ ಅಲ್ಲಿ ವಿಸ್ತಾರವಾಗಿ ಹರಡಿಕೊಂಡಿರುವುದು ಕಾಣುತ್ತದೆ: ಮೊದಲು ನೋಟ, ಆಮೇಲೆ ತೀರ್ಪು, ತೀರ್ಪಿನ ಬೆನ್ನಿಗೇ ಕಠೋರವಾದ ಚಿಕಿತ್ಸೆ. ಚಿಕಿತ್ಸೆಯ ಕೈ ಮೃದುವಾಗುವುದಕ್ಕೆ ಬಹುಕಾಲ ಹಿಡಿಯಿತು.

ವ್ಯಾಧಿಯ ಲಕ್ಷಣ ಸರಳವಾದುದು. ಸಾಮಾನ್ಯವಾಗಿ ಮೂವತ್ತು ದಾಟಿದವರಲ್ಲಿ, ಕೆನ್ನೆ ಮೂಗು ಹಣೆ ಗಲ್ಲಗಳ ನಡುಭಾಗಕ್ಕೆ, ಬಿಸಿಲಿಗೆ ಹೋದಾಗಲೋ ಬಿಸಿ ಪಾನೀಯ ಕುಡಿದಾಗಲೋ ಖಾರ ತಿಂದಾಗಲೋ ಮನಸ್ಸು ಕಲಕಿದಾಗಲೋ ಕೆಂಪೇರಿ, ಸ್ವಲ್ಪ ಹೊತ್ತು ಉರಿದು, ಮತ್ತೆ ಇಳಿಯುತ್ತದೆ. ವರ್ಷಗಳು ಕಳೆದಂತೆ ಇಳಿಯುವುದು ತಡವಾಗುತ್ತಾ ಬಂದು, ಕಡೆಗೆ ಕೆಂಪು ಅಲ್ಲಿಯೇ ನೆಲೆಸುತ್ತದೆ. ಕೆಲವರಿಗೆ ಎಳೆಯಷ್ಟು ಸಣ್ಣ ರಕ್ತನಾಳಗಳು ಮೇಲೆ ತೋರುತ್ತವೆ, ಕೆಲವರಿಗೆ ಮೊಡವೆಯಂಥ ಗುಳ್ಳೆಗಳೇಳುತ್ತವೆ, ಮತ್ತೆ ಕೆಲವರಿಗೆ ಕಣ್ಣೂ ಉರಿಯುತ್ತದೆ, ಅಲ್ಪಸಂಖ್ಯಾತರಿಗೆ—ಅವರಲ್ಲಿ ಗಂಡಸರೇ ಹೆಚ್ಚು—ಮೂಗು ದಪ್ಪನಾಗಿ ಗಂಟುಗಂಟಾಗುತ್ತದೆ. ಆದರೆ ಬಹುಜನರ ಪಾಲಿಗೆ ಬರುವುದು ಇದರ ಸೌಮ್ಯರೂಪವೇ: ಬಂದುಹೋಗುವ ಕೆಂಪು, ನೀರು ಸೋಕಿದರೂ ಚುರುಗುಟ್ಟುವ ಕೆನ್ನೆ. ರಕ್ತನಾಳಗಳು ಮತ್ತು ನರಗಳು ಅಲ್ಪ ಪ್ರಚೋದನೆಗೂ ಅತಿಯಾಗಿ ಸ್ಪಂದಿಸುವುದು, ಚರ್ಮದ ಹೊರಪದರದ ರಕ್ಷಣಾಶಕ್ತಿ ಕುಗ್ಗಿರುವುದು, ದೇಹದ ಸಹಜ ಪ್ರತಿರೋಧವ್ಯವಸ್ಥೆ ಅಕಾರಣವಾಗಿ ಕೆರಳುವುದು, ಇವೆಲ್ಲವೂ ಇಲ್ಲಿ ಕೂಡಿಕೊಂಡಿವೆಯೆಂದು ಈಗ ತಿಳಿದಿದೆ. ಹೀಗಿರುವ ಚರ್ಮವನ್ನು ಉಜ್ಜಿ, ಸುಟ್ಟು, ಸುಲಿದು ಸರಿಪಡಿಸುವೆನೆಂದು ಹೊರಟವರ ಕಥೆಯೇ ಈ ಚರಿತ್ರೆಯ ಪೂರ್ವಾರ್ಧ.

14ನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಕವಿ ಚಾಸರ್ ತನ್ನ ಕ್ಯಾಂಟರ್ಬರಿ ಕಥೆಗಳ ಪೀಠಿಕೆಯಲ್ಲಿ ಯಾತ್ರಿಕರನ್ನು ಒಬ್ಬೊಬ್ಬರಾಗಿ ಪರಿಚಯಿಸುತ್ತಾ, ಚರ್ಚಿನ ನ್ಯಾಯಸ್ಥಾನಕ್ಕೆ ಅಪರಾಧಿಗಳನ್ನು ಕರೆತರುವ ಒಬ್ಬ ಅಧಿಕಾರಿಯನ್ನು ನಮ್ಮ ಮುಂದೆ ನಿಲ್ಲಿಸುತ್ತಾನೆ. ಆತನ ಮುಖ ಬೆಂಕಿಯ ಬಣ್ಣದ್ದು, ಗುಳ್ಳೆಗಳಿಂದ ತುಂಬಿದ್ದು. ಮಕ್ಕಳು ಅದನ್ನು ಕಂಡರೆ ಅಂಜುತ್ತಿದ್ದರು. ಇದು ಕುಷ್ಠದ ಚಿತ್ರವೆಂದು ವಾದಿಸಿದ ವಿದ್ವಾಂಸರುಂಟು. ರೊಸೇಸಿಯದ ವರ್ಣನೆಯೆಂದು ಓದಿದ ಚರ್ಮವೈದ್ಯರೂ ಉಂಟು. ಆ ವಿವಾದ ಹೇಗೇ ಇರಲಿ, ನಮ್ಮ ಪ್ರಸ್ತುತ ವಿಷಯಕ್ಕೆ ಬೆಲೆಯುಳ್ಳದ್ದು ಕವಿ ಅಲ್ಲಿ ಕೊಡುವ ಔಷಧಗಳ ಪಟ್ಟಿ: ಪಾದರಸ, ಸೀಸದಿಂದ ಪಡೆದ ಮೃದ್ದಾರಶೃಂಗ, ಗಂಧಕ, ಬಿಳಿಗಾರ, ಸಫೇದವೆಂಬ ಸೀಸದ ಬಿಳಿಯ ಪುಡಿ, ದ್ರಾಕ್ಷಾರಸದ ಪೀಪಾಯಿಯೊಳಗೆ ಕಟ್ಟುವ ಗಷ್ಟಿನಿಂದ ತಯಾರಿಸಿದ ತೀಕ್ಷ್ಣವಾದ ದ್ರವ. ಇಷ್ಟನ್ನು ಹಚ್ಚಿಯೂ ಆ ಮನುಷ್ಯನ ಮುಖ ತಿಳಿಯಾಗಲಿಲ್ಲವೆಂಬುದೇ ಕವಿಯ ಹಾಸ್ಯ. ಇಂದು ಆ ಪಟ್ಟಿಯನ್ನು ಓದುವವರಿಗೆ ಹಾಸ್ಯದೊಡನೆ ಬೇರೊಂದು ಸಂದೇಹವೂ ಹುಟ್ಟುತ್ತದೆ. ಇವುಗಳಲ್ಲಿ ಎರಡು ಸೀಸದ ವಿಷಗಳು, ಒಂದು ಪಾದರಸ, ಉಳಿದವು ಬಹುಮಟ್ಟಿಗೆ ಚರ್ಮವನ್ನು ಒಣಗಿಸುವಂಥವು ಇಲ್ಲವೆ ಕೊರೆಯುವಂಥವು. ಹಾಗಿರುವಾಗ ಆತನ ಮುಖದ ಉರಿಯಲ್ಲಿ ರೋಗದ ಪಾಲೆಷ್ಟು, ಮದ್ದಿನ ಪಾಲೆಷ್ಟು ಎಂದು ಯಾರು ಬೇರ್ಪಡಿಸಿ ಹೇಳಬಲ್ಲರು?

ಚಾಸರನ ಆ ಅಧಿಕಾರಿ ಬೆಳ್ಳುಳ್ಳಿ ಈರುಳ್ಳಿಗಳ ಮೋಹಿ, ಕಡುಗೆಂಪು ಮದ್ಯದ ಪ್ರಿಯ, ನಡತೆಯಲ್ಲಿಯೂ ಹೀನ. ಮುಖದ ಕೆಂಪಿಗೂ ಬಾಳಿನ ಕೆಡುಕಿಗೂ ಹೀಗೆ ಗಂಟುಹಾಕುವುದು ಕವಿಯೊಬ್ಬನ ಸ್ವಂತ ಕಲ್ಪನೆಯಾಗಿರಲಿಲ್ಲ. ಗ್ರೀಕರಿಂದ ಬಂದ ಧಾತುಸಿದ್ಧಾಂತದ ಪ್ರಕಾರ, ರಕ್ತ ಕಾದು ಮೇಲೇರುವುದರಿಂದ ಮುಖ ಕೆಂಪಾಗುತ್ತದೆ. ರಕ್ತ ಕಾಯುವುದಕ್ಕೆ ಅತಿಪಾನ, ಅತಿಭೋಜನ, ಅತಿಕಾಮಗಳು ಕಾರಣ. ಆದುದರಿಂದ ರಕ್ತವನ್ನು ಹೊರಬಿಡುವುದು, ಜಿಗಣೆ ಹಚ್ಚುವುದು, ಪಥ್ಯವೆಂಬ ಹೆಸರಿನ ಪ್ರಾಯಶ್ಚಿತ್ತವನ್ನು ವಿಧಿಸುವುದು ವೈದ್ಯನ ಧರ್ಮ. ಎರಡು ಶತಮಾನಗಳ ತರುವಾಯ ಶೇಕ್ಸ್‌ಪಿಯರನು ಬಾರ್ಡಾಲ್ಫನೆಂಬ ಪಾತ್ರದ ಕೆಂಪು ಮೂಗನ್ನು ಒಂದಕ್ಕಿಂತ ಹೆಚ್ಚು ನಾಟಕಗಳಲ್ಲಿ ಪರಿಹಾಸ್ಯದ ವಸ್ತುವಾಗಿ ಮಾಡಿಕೊಂಡಾಗ, ನಗುವುದಕ್ಕೆ ಸಿದ್ಧರಾಗಿದ್ದ ಪ್ರೇಕ್ಷಕರಿಗೆ ಆ ಮೂಗಿನ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಮದ್ಯಪಾನವು ಕೆಂಪನ್ನು ಏರಿಸಬಲ್ಲದೆಂಬುದು ನಿಜ. ಆದರೆ ಜನ್ಮವೆಲ್ಲ ಮದ್ಯವನ್ನು ಮುಟ್ಟದವರಿಗೂ ಈ ವ್ಯಾಧಿ ಬರುತ್ತದೆಂಬುದೂ ಅಷ್ಟೇ ನಿಜ. ಈ ಎರಡನೆಯ ಸತ್ಯಕ್ಕೆ ಲೋಕದಲ್ಲಿ ಪ್ರಚಾರ ದೊರೆತದ್ದು ತೀರ ಕಡಿಮೆ.

ಆ ಕಾಲದ ನೋಟಗಳೆಲ್ಲವೂ ನಿರ್ದಯವಾಗಿದ್ದುವೆಂದು ಹೇಳಿದರೆ ಫ್ಲಾರೆನ್ಸಿನ ಒಬ್ಬ ಚಿತ್ರಕಾರನಿಗೆ ಅನ್ಯಾಯವಾದೀತು. 1490ರ ಸುಮಾರಿಗೆ ಡೊಮೆನಿಕೊ ಗಿರ್ಲಾಂಡಾಯೊ ಬರೆದ, ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಒಂದು ಚಿತ್ರದಲ್ಲಿ ಕೆಂಪು ನಿಲುವಂಗಿ ತೊಟ್ಟ ನರೆಗೂದಲಿನ ವೃದ್ಧನೊಬ್ಬನು ಹೊಂಗೂದಲಿನ ಬಾಲಕನನ್ನು ಎದೆಗೆ ಒರಗಿಸಿಕೊಂಡಿದ್ದಾನೆ. ವೃದ್ಧನ ಮೂಗು ಉಬ್ಬಿ, ಗಂಟುಗಂಟಾಗಿ, ಈ ವ್ಯಾಧಿಯ ಮುಂದುವರಿದ ಅವಸ್ಥೆಯನ್ನು ಯಾವ ವೈದ್ಯಗ್ರಂಥದ ಚಿತ್ರಕ್ಕೂ ಕಡಿಮೆಯಿಲ್ಲದಂತೆ ತೋರಿಸುತ್ತದೆ; ಚಿತ್ರಕಾರನು ಒಂದು ಉಬ್ಬನ್ನೂ ಮರೆಮಾಡಿಲ್ಲ, ಹಣೆಯ ಮೇಲಿನ ಗಂಟನ್ನೂ ಬಿಟ್ಟಿಲ್ಲ. ಬಾಲಕನಾದರೋ ತನ್ನ ಪುಟ್ಟ ಕೈಯನ್ನು ಅಜ್ಜನ ಎದೆಯ ಮೇಲಿಟ್ಟು, ಆ ಮುಖವನ್ನೇ ದಿಟ್ಟಿಸಿ ನೋಡುತ್ತಿದ್ದಾನೆ. ಅವನ ದೃಷ್ಟಿಯಲ್ಲಿ ಅಂಜಿಕೆಯೂ ಇಲ್ಲ, ಅಸಹ್ಯವೂ ಇಲ್ಲ. ಮೂಗಿಗೆ ಬಂದ ವಿಕಾರವನ್ನು ನೀತಿಯ ಪಾಠವಾಗಿ ಮಾರ್ಪಡಿಸದೆ ಕಂಡದ್ದನ್ನು ಕಂಡಂತೆ ಬರೆದ ಕಾರಣದಿಂದಲೇ ಈ ಚಿತ್ರ ವೈದ್ಯರಿಗೂ ರಸಿಕರಿಗೂ ಸಮಾನವಾಗಿ ಪ್ರಿಯವಾಗಿದೆ.

ಉಗ್ರೋಪಚಾರದ ಈ ಹೆದ್ದಾರಿಯ ಪಕ್ಕದಲ್ಲಿಯೇ ಮೃದೂಪಚಾರದ ಕಾಲುದಾರಿಯೊಂದು ಪುರಾತನಕಾಲದಿಂದಲೂ ಸಾಗಿಬಂದಿದ್ದಿತು. ಕ್ರಿ.ಶ. 2ನೆಯ ಶತಮಾನದಲ್ಲಿ ರೋಮಿನಲ್ಲಿ ಖ್ಯಾತಿವೆತ್ತ ವೈದ್ಯ ಗೇಲೆನನಿಗೆ ಪರಂಪರೆ ಆರೋಪಿಸಿರುವ ಲೇಪನವು ಜೇನುಮೇಣ, ಆಲಿವೆಣ್ಣೆ, ಗುಲಾಬಿನೀರು ಇವುಗಳಿಂದ ಆದುದು. ಕರಗಿದ ಮೇಣ ಎಣ್ಣೆಗಳಿಗೆ ನೀರನ್ನು ಹನಿಹನಿಯಾಗಿ ಬೆರೆಸಿ ತಿರುವಿದರೆ ಬೆಳ್ಳಗಿನ ಮುದ್ದೆಯಾಗುತ್ತದೆ. ಅದನ್ನು ಮುಖಕ್ಕೆ ಸವರಿದಾಗ ನೀರಿನ ಅಂಶ ಆವಿಯಾಗಿ ತಂಪೆನಿಸುತ್ತದೆ, ಮೇಣವೂ ಎಣ್ಣೆಯೂ ಚರ್ಮದ ಮೇಲೆ ಉಳಿದು ಒಳಗಿನ ತೇವವನ್ನು ಹಿಡಿದಿಡುತ್ತವೆ. ಕೋಲ್ಡ್ ಕ್ರೀಮೆಂದು ನಮ್ಮ ಮನೆಗಳಿಗೂ ಬಂದ ವಸ್ತುವಿನ ಮೂಲಪುರುಷ ಇದೇ. ಇದರಲ್ಲಿದ್ದ ದೋಷವೆಂದರೆ, ನೀರೂ ಎಣ್ಣೆಯೂ ಬಹುದಿನ ಒಗ್ಗಟ್ಟಾಗಿರಲಾರದೆ ಬೇರ್ಪಡುತ್ತಿದ್ದುವು, ಎಣ್ಣೆ ಕಮಟಾಗುತ್ತಿದ್ದಿತು. ಆದುದರಿಂದ ಇದು ಆಗಾಗ್ಗೆ ಮನೆಯಲ್ಲಿಯೋ ಔಷಧಶಾಲೆಯಲ್ಲಿಯೋ ಹೊಸದಾಗಿ ಮಾಡಿಕೊಳ್ಳಬೇಕಾದ ಪದಾರ್ಥವಾಗಿಯೇ ಉಳಿಯಿತು. ಉರಿಯನ್ನು ಸ್ವಲ್ಪ ತಣಿಸಿದ್ದಕ್ಕಿಂತ ಹೆಚ್ಚಿನ ಪವಾಡವನ್ನೇನೂ ತೋರಿಸದ ಈ ಬಡ ಲೇಪನಕ್ಕಿಂತ, ಒಂದು ವಾರದಲ್ಲಿ ಹಳೆಯ ಚರ್ಮವನ್ನು ಸುಲಿದು ಹೊಸತನ್ನು ಕೊಡುವೆನೆಂಬ ದ್ರವಗಳ ಮೇಲೆ ಜನರ ಮನಸ್ಸು ಓಡಿದ್ದರಲ್ಲಿ ಆಶ್ಚರ್ಯವಿಲ್ಲ.

ಅಂಥ ದ್ರವಗಳಲ್ಲಿ 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹೆಸರಾದದ್ದು ಗೌಲೆಂಡನ ಲೋಷನ್. ಕಹಿಬಾದಾಮಿಯ ಹಾಲಿನಲ್ಲಿ ಪಾದರಸದ ಅತ್ಯುಗ್ರವಾದ ಲವಣವೊಂದನ್ನು ಕದಡಿದ ಮಿಶ್ರಣವದು. ಬಾದಾಮಿಯ ಪರಿಮಳದ ಮರೆಯಲ್ಲಿ ಮುಖದ ಮೇಲ್ಪದರವನ್ನು ಸುಡುವುದೇ ಅದರ ಕಾರ್ಯಕ್ರಮ. ಜೇನ್ ಆಸ್ಟಿನ್ ಮಡಿದ ಮೇಲೆ, 1817ರ ಕೊನೆಯಲ್ಲಿ ಪ್ರಕಟವಾದ ಪರ್ಸ್ಯುಯೇಷನ್ ಕಾದಂಬರಿಯಲ್ಲಿ, ತನ್ನ ರೂಪದ ಮೇಲೆ ತನಗೇ ಮೋಹವಿದ್ದ ಸರ್ ವಾಲ್ಟರನು ಮಗಳಿಗೆ ಈ ಲೋಷನ್ನನ್ನೇ ಬಿಡದೆ ಹಚ್ಚಿಕೊಳ್ಳೆಂದು ಉಪದೇಶಿಸುತ್ತಾನೆ. ಕಾದಂಬರಿಕಾರ್ತಿ ಅದರ ಮೇಲೆ ಟೀಕೆಯ ಮಾತೊಂದನ್ನೂ ಸೇರಿಸುವುದಿಲ್ಲ. ಸರಕಿನ ಹೆಸರು ಆಗಿನ ಓದುಗರಿಗೆ ಅಷ್ಟು ಪರಿಚಿತವಾಗಿದ್ದಿತು. ಫ್ರಾನ್ಸಿನ ದಕ್ಷಿಣದ ಗುಡ್ಡಗಾಡಿನ ಆವೆನ್ ಎಂಬ ಹಳ್ಳಿಯಲ್ಲಿಯಾದರೋ, 1736ರಲ್ಲಿ ಅಲ್ಲಿಯ ಪ್ರಭುವಿನ ಕುದುರೆಯೊಂದು ಬುಗ್ಗೆಯ ನೀರಿನಲ್ಲಿ ಹೊರಳಿ ತನ್ನ ಮೈತುರಿಕೆಯನ್ನು ಕಳೆದುಕೊಂಡಿತೆಂಬ ಐತಿಹ್ಯದ ಬಲದ ಮೇಲೆ 1743ರಲ್ಲಿ ಸ್ನಾನಗೃಹವೊಂದು ಎದ್ದಿತು. ಇಂದಿಗೂ ಚರ್ಮರೋಗಿಗಳು ಅಲ್ಲಿಗೆ ಮೂರು ವಾರಗಳ ವಾಸಕ್ಕೆ ಹೋಗುತ್ತಾರೆ. ಕುದುರೆಯ ಕಥೆ ಏನೇ ಇರಲಿ, ಲವಣಾಂಶ ಕಡಿಮೆಯಾದ ನೀರನ್ನು ತುಂತುರಾಗಿ ಸಿಂಪಡಿಸಿಕೊಂಡು, ಬೇರೆ ಲೇಪನಗಳ ಕಾಟವಿಲ್ಲದೆ ಮೂರು ವಾರ ಸುಮ್ಮನಿರುವುದೇ ಕೆರಳಿದ ಚರ್ಮಕ್ಕೆ ಒಂದು ಚಿಕಿತ್ಸೆಯೆಂಬುದನ್ನು ಅಲ್ಲಿಯ ವಾಡಿಕೆ ಶಾಸ್ತ್ರಕ್ಕಿಂತ ಮೊದಲೇ ಕಂಡುಕೊಂಡಿತ್ತೆನ್ನಬಹುದು.

ಶಾಸ್ತ್ರ ತನ್ನ ಕೆಲಸವನ್ನು ವರ್ಗೀಕರಣದಿಂದ ಆರಂಭಿಸಿತು. ಲಂಡನ್ನಿನ ಬಡವರ ಔಷಧಾಲಯವೊಂದರಲ್ಲಿ ದುಡಿದ ರಾಬರ್ಟ್ ವಿಲನ್, ಚರ್ಮರೋಗಗಳನ್ನು ಅವುಗಳ ಕಾಲ್ಪನಿಕ ಕಾರಣಗಳಿಂದ ಬಿಡಿಸಿ, ಕಣ್ಣಿಗೆ ಕಾಣುವ ಆಕಾರದ ಮೇಲೆ ಹೊಸದಾಗಿ ವಿಂಗಡಿಸಿದನು. ಆತನು 1812ರಲ್ಲಿ ತೀರಿಕೊಂಡ ಮೇಲೆ ಶಿಷ್ಯ ಥಾಮಸ್ ಬೇಟ್‌ಮನ್ 1813ರಲ್ಲಿ ಪ್ರಕಟಿಸಿದ ಸಂಗ್ರಹಗ್ರಂಥದಲ್ಲಿ ಈ ವ್ಯಾಧಿಗೆ ಮೊಡವೆಯ ನಾಲ್ಕು ಪ್ರಭೇದಗಳಲ್ಲೊಂದಾಗಿ ಸ್ಥಾನ ದೊರೆಯಿತು. ಕುಡುಕನ ಗುರುತೆಂಬ ಅಪವಾದದಿಂದ ರೋಗದ ಪದವಿಗೆ ಏರಿದ್ದು ಲಾಭವೇ ಸರಿ. ಮೊಡವೆಯ ಮನೆಯಲ್ಲಿ ವಾಸಕ್ಕೆ ಇಟ್ಟದ್ದು ಮಾತ್ರ ಮುಂದೆ ನಷ್ಟಕ್ಕೆ ಕಾರಣವಾಯಿತು. ಏತಕ್ಕೆಂದರೆ, ಮೊಡವೆಗೆ ಜಿಡ್ಡನ್ನು ಒಣಗಿಸುವ, ಮೇಲ್ಪದರವನ್ನು ಕಳಚುವ ಗಂಧಕ, ರಿಸಾರ್ಸಿನ್ ಮೊದಲಾದುವನ್ನು ಹಚ್ಚುವುದು ಕ್ರಮ. ಹೆಸರು ಒಂದಾದ್ದರಿಂದ ಮದ್ದೂ ಒಂದಾಯಿತು, ಮೊದಲೇ ಒಣಗಿ ಉರಿಯುತ್ತಿದ್ದ ಕೆನ್ನೆಯನ್ನು ಇನ್ನಷ್ಟು ಒಣಗಿಸುವ ಪದ್ಧತಿ ನೂರು ವರ್ಷಕ್ಕೂ ಮೀರಿ ನಡೆಯಿತು.

ಇದೇ ಅವಧಿಯಲ್ಲಿ ಸೋಪು ಸಾಮಾನ್ಯರ ಮನೆಯನ್ನು ಹೊಕ್ಕಿತು. ಕಾರ್ನ್‌ವಾಲಿನಿಂದ ಲಂಡನ್ನಿಗೆ ಬಂದು ಸೋಹೊದಲ್ಲಿ ಕ್ಷೌರದಂಗಡಿ ಇಟ್ಟಿದ್ದ ಆಂಡ್ರೂ ಪೇರ್ಸ್, ತನ್ನಲ್ಲಿಗೆ ಬರುತ್ತಿದ್ದ ಶ್ರೀಮಂತರ ಮುಖಗಳು ಆ ಕಾಲದ ಒರಟು ಸೋಪುಗಳಿಂದಲೂ ವಿಷಮಿಶ್ರಿತ ಪುಡಿಗಳಿಂದಲೂ ಕೆಡುತ್ತಿದ್ದುದನ್ನು ಕಂಡು, ಸೋಪನ್ನು ಮದ್ಯಸಾರದಲ್ಲಿ ಕರಗಿಸಿ ಕಲ್ಮಷ ಕಳೆದು, 1807ರಲ್ಲಿ ಪಾರದರ್ಶಕವಾದ ಬಿಲ್ಲೆಯನ್ನು ಮಾರಾಟಕ್ಕೆ ತಂದನು. ಹತ್ತಿರದಿಂದ ಮುಖಗಳನ್ನು ನೋಡುವುದೇ ವೃತ್ತಿಯಾಗಿದ್ದವನ ಈ ವಿವೇಕ ಮೆಚ್ಚತಕ್ಕದ್ದು. ಇಂಗ್ಲೆಂಡಿನಲ್ಲಿ 1712ರಿಂದ ಸೋಪಿನ ಮೇಲಿದ್ದ ತೆರಿಗೆ 1853ರಲ್ಲಿ ರದ್ದಾದ ಮೇಲೆ ಅದರ ಬಳಕೆ ವಿಪರೀತವಾಗಿ ಬೆಳೆಯಿತು. ಚರ್ಮವೈದ್ಯ ಎರಾಸ್ಮಸ್ ವಿಲ್ಸನ್ನನ ಪ್ರಶಂಸೆ ಪೇರ್ಸ್ ಕಂಪನಿಯ ಜಾಹೀರಾತುಗಳನ್ನು ಅಲಂಕರಿಸಿತು. ಕಾಲಕ್ರಮದಲ್ಲಿ ಆ ಹೊಂಬಣ್ಣದ ಬಿಲ್ಲೆ ನಮ್ಮ ಬಚ್ಚಲುಮನೆಗಳಿಗೂ ಬಂದು, ಎಳೆಗೂಸಿನ ಸ್ನಾನಕ್ಕೆಂದು ಬೇರೆಯಾಗಿ ಎತ್ತಿಡುವಷ್ಟು ಗೌರವ ಗಳಿಸಿತು. ಆದರೂ ಸೋಪು ಸೋಪೇ. ಎಣ್ಣೆಗೂ ಕ್ಷಾರಕ್ಕೂ ಆದ ಮದುವೆಯಿಂದ ಹುಟ್ಟಿದ್ದರಿಂದ ಅದರ ನೊರೆಯಲ್ಲಿ ಕ್ಷಾರಗುಣ ಇದ್ದೇ ಇರುತ್ತದೆ. ಚರ್ಮದ ಮೇಲ್ಮೈಯಾದರೋ ಸ್ವಭಾವತಃ ಸ್ವಲ್ಪ ಆಮ್ಲೀಯವಾದುದು. 1928ರಲ್ಲಿ ಜರ್ಮನಿಯ ಷಾಡೆ ಮತ್ತು ಮಾರ್ಕಿಯೋನೀನಿ ಈ ಆಮ್ಲಕವಚವನ್ನು ಅಳೆದು ವರ್ಣಿಸಿದ ಮೇಲೆಯೇ, ಸೋಪಿನಿಂದ ತೊಳೆದ ಕೆನ್ನೆ ಏಕೆ ಬಿಗಿಯುತ್ತದೆ, ಏಕೆ ಚುರುಗುಟ್ಟುತ್ತದೆ ಎಂಬ ಪ್ರಶ್ನೆಗೆ ಸಮಾಧಾನ ಸಿಗುವ ದಾರಿ ತೆರೆಯಿತು. ಸೋಪಿಲ್ಲದ ತೊಳೆಯುವ ಬಿಲ್ಲೆಗಳು ಪೇಟೆಗೆ ಬಂದು ಹೆಸರಾಗುವುದಕ್ಕೆ ಅಲ್ಲಿಂದ ಮೂರು ದಶಕಗಳು ಬೇಕಾದುವು.

ಗೇಲೆನನ ಲೇಪನದ ದೋಷವೂ ಅಷ್ಟರಲ್ಲಿ ನೀಗಿತ್ತು. ಕುರಿಯ ಉಣ್ಣೆಯ ಜಿಡ್ಡಿನಿಂದ ಇಸಾಕ್ ಲಿಫ್ಷುಟ್ಸ್ ಬೇರ್ಪಡಿಸಿದ ವಸ್ತುವೊಂದು ಎಣ್ಣೆಯನ್ನೂ ನೀರನ್ನೂ ತಿಂಗಳುಗಟ್ಟಲೆ ಒಂದಾಗಿ ಹಿಡಿದಿಡಬಲ್ಲದೆಂದು ತಿಳಿದಾಗ, ಹ್ಯಾಂಬರ್ಗಿನ ಆಸ್ಕರ್ ಟ್ರೋಪ್ಲೋವಿಟ್ಸ್ ಚರ್ಮತಜ್ಞ ಉನ್ನಾನ ಸಲಹೆಯೊಡನೆ 1911ರಲ್ಲಿ ನಿವಿಯ ಕ್ರೀಮನ್ನು ಹೊರತಂದನು. ಹಿಂದೆ ಔಷಧಶಾಲೆಯವನ ಕೈಚಳಕವನ್ನು ಅವಲಂಬಿಸಿದ್ದ ಮೃದೂಪಚಾರ ಇದರಿಂದ ಡಬ್ಬಿಯಲ್ಲಿ ದೊರೆಯುವಂತಾಯಿತು. ಔಷಧಗಳೂ ಒಂದೊಂದಾಗಿ ಬಂದುವು: 1950ರ ದಶಕದಲ್ಲಿ ಟೆಟ್ರಾಸೈಕ್ಲಿನ್ ಗುಳಿಗೆ, 1988ರಲ್ಲಿ ಅಮೆರಿಕದ ಅನುಮತಿ ಪಡೆದ ಮೆಟ್ರೊನಿಡಜೋಲ್ ಲೇಪನ, 2014ರಲ್ಲಿ ಐವರ್ಮೆಕ್ಟಿನ್. ಈ ಕೊನೆಯದು ಮುಖದ ರೋಮಕೂಪಗಳಲ್ಲಿ ವಾಸಿಸುವ, 1840ರ ದಶಕದ ಆರಂಭದಲ್ಲಿಯೇ ಪತ್ತೆಯಾಗಿದ್ದ, ಡೆಮೊಡೆಕ್ಸ್ ಎಂಬ ಸೂಕ್ಷ್ಮಜೀವಿಯ ಸಂಖ್ಯೆಯನ್ನು ತಗ್ಗಿಸುತ್ತದೆ.

ಪಥ್ಯದ ವಿಷಯದಲ್ಲಿಯೂ ತೀರ್ಪಿನ ಸ್ಥಾನವನ್ನು ಪರೀಕ್ಷೆ ಆಕ್ರಮಿಸಿತು. ಅದರ ಒಂದು ನಿದರ್ಶನ ಕಾಫಿಯ ನಾಡಿನವರಾದ ನಮಗೆ ವಿಶೇಷವಾಗಿ ರುಚಿಸುವಂಥದು. ಕಾಫಿ ಕುಡಿದರೆ ಮುಖ ಕೆಂಪೇರುತ್ತದೆ, ಆದುದರಿಂದ ಕಾಫಿ ಬಿಡತಕ್ಕದ್ದು ಎಂಬುದು ವೈದ್ಯರ ಹಳೆಯ ಆಜ್ಞೆ. 1981ರಲ್ಲಿ ಅಮೆರಿಕದ ಜೊನಾಥನ್ ವಿಲ್ಕಿನ್ ಎಂಬ ವೈದ್ಯರು ರೋಗಿಗಳಿಗೆ ಬಿಸಿ ಕಾಫಿಯನ್ನೂ ತಣ್ಣಗಿನ ಕಾಫಿಯನ್ನೂ ಬರಿಯ ಬಿಸಿನೀರನ್ನೂ ಕುಡಿಸಿ ನೋಡಿದರು: 60 ಡಿಗ್ರಿಯ ಕಾಫಿ ಮುಖವನ್ನು ಕೆಂಪೇರಿಸಿತು, 60 ಡಿಗ್ರಿಯ ನೀರೂ ಕೆಂಪೇರಿಸಿತು, ಆರಿದ ಕಾಫಿ ಮಾತ್ರ ಸುಮ್ಮನಿದ್ದಿತು. ಅಪರಾಧ ಬಿಸಿಯದು, ಕಾಫಿಯದಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ದಾದಿಯರ ದೊಡ್ಡ ಅಧ್ಯಯನವಾದರೋ ಕಾಫಿ ಹೆಚ್ಚು ಕುಡಿಯುವವರಲ್ಲಿ ಈ ವ್ಯಾಧಿ ಸ್ವಲ್ಪ ಕಡಿಮೆಯೆಂದೇ ತೋರಿಸಿತು. ಹಬೆಯಾಡುವ ಲೋಟವನ್ನು ಬಾಯಿಗೆತ್ತುವವರು ಎರಡು ನಿಮಿಷ ಕಾದು, ಬಟ್ಟಲಿಗೆ ಎರೆದು ಆರಿಸಿಕೊಂಡು ಕುಡಿದರೆ ಸಾಕೆಂಬುದು ಇದರ ಸಾರ; ನಮ್ಮ ಹಿರಿಯರ ಲೋಟ ಬಟ್ಟಲುಗಳಿಗೆ ಈ ಗುಣವೂ ಇದ್ದಿತೆಂದು ಸಂತೋಷಪಡಬಹುದು.

ಮೃದುಮಾರ್ಗ ಹೀಗೆ ಸ್ಪಷ್ಟವಾಗುತ್ತಿದ್ದ ಶತಮಾನದಲ್ಲಿಯೇ ಹಳೆಯ ದುಡುಕು ಹೊಸ ವೇಷದಲ್ಲಿ ಮರಳಿತು. 1952ರಲ್ಲಿ ಹೈಡ್ರೊಕಾರ್ಟಿಸೋನ್ ಲೇಪನದ ಗುಣವನ್ನು ಸುಲ್ಜ್‌ಬರ್ಗರ್ ಮತ್ತು ವಿಟ್ಟನ್ ಪ್ರಕಟಿಸಿದರು. ಅನಂತರ ಬಂದ ಸ್ಟಿರಾಯ್ಡ್ ಲೇಪನಗಳು ಅದಕ್ಕಿಂತ ಎಷ್ಟೋ ಪಾಲು ಪ್ರಬಲವಾದುವು. ರಕ್ತನಾಳವನ್ನು ಸಂಕೋಚಗೊಳಿಸುವ ಇವು ಕೆಂಪನ್ನು ಬಹು ಬೇಗ ಇಳಿಸುತ್ತವೆ, ಉರಿಯನ್ನು ಆರಿಸುತ್ತವೆ; ಕೆಲವು ವಾರಗಳ ತರುವಾಯ ಚರ್ಮ ತೆಳುವಾಗಿ, ಬಿಟ್ಟ ದಿನವೇ ಕೆಂಪು ಇಮ್ಮಡಿಯಾಗಿ ಮರಳುತ್ತದೆ, ಹಚ್ಚಿದರೆ ಮತ್ತೆ ಇಳಿಯುತ್ತದೆ. ಬಿಡಲಾರದ ಈ ಬಂಧನವನ್ನು 1974ರಲ್ಲಿ ಲೇಡನ್, ಕ್ಲಿಗ್ಮನ್ ಮೊದಲಾದವರು ಸ್ಟಿರಾಯ್ಡ್ ರೊಸೇಸಿಯ ಎಂಬ ಹೆಸರಿನಿಂದಲೇ ವರ್ಣಿಸಿದರು. ಇಲ್ಲದ ರೋಗವನ್ನು ಮದ್ದೇ ಸೃಷ್ಟಿಸಿದ ಈ ಅಧ್ಯಾಯದಲ್ಲಿ ನಮ್ಮ ದೇಶದ ಪಾತ್ರ ಸಣ್ಣದಲ್ಲ. ಮುಖಕ್ಕೆ ಹಚ್ಚಲು ಏನಾದರೂ ಕೊಡಿರೆಂದು ಮೆಡಿಕಲ್ ಅಂಗಡಿಯ ಕಟ್ಟೆಯ ಮುಂದೆ ನಿಂತವರಿಗೆ, ಚೀಟಿಯ ಪ್ರಸ್ತಾಪವೇ ಇಲ್ಲದೆ, ಸ್ಟಿರಾಯ್ಡ್ ಬೆರೆತ ಟ್ಯೂಬನ್ನು ಕಾಗದದ ಲಕೋಟೆಗೆ ಹಾಕಿ ಕೊಡುವುದು ಊರೂರಿನ ವಾಡಿಕೆ. ಮದುವೆಯ ಮುನ್ನ ಬಣ್ಣ ಬಿಳುಪಾಗಲೆಂದು ಕೊಂಡವರು, ಮೊಡವೆಗೆಂದು ಕೊಂಡವರು, ನೆರೆಮನೆಯವರಿಗೆ ಗುಣವಾಯಿತೆಂದು ಕೊಂಡವರು ವರ್ಷಗಟ್ಟಲೆ ಹಚ್ಚಿಕೊಂಡು, ಬಿಸಿಲಿಗೂ ಒಲೆಯ ಝಳಕ್ಕೂ ಮುಖ ಒಡ್ಡಲಾರದೆ ವೈದ್ಯರಲ್ಲಿಗೆ ಬರುತ್ತಾರೆ. ಭಾರತದ ಚರ್ಮವೈದ್ಯರ ಸಂಘ ಇದರ ವಿರುದ್ಧ ದೀರ್ಘಕಾಲ ಹೋರಾಡಿತು. 2018ರಲ್ಲಿ ಕೇಂದ್ರಸರ್ಕಾರ ಇಂಥ ಹಲವು ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ವಿಧಿ ಕಾಗದದ ಮೇಲಿದೆ. ಕಟ್ಟೆಯ ಮೇಲೆ ಅದು ಎಷ್ಟು ನಡೆಯುತ್ತಿದೆಯೆಂಬುದನ್ನು ಕೊಳ್ಳುವವರೇ ಬಲ್ಲರು.

ಇಷ್ಟೆಲ್ಲ ಸುತ್ತಿಬಂದು ಇಂದಿನ ವೈದ್ಯರು ಸೌಮ್ಯರೂಪದ ರೊಸೇಸಿಯಕ್ಕೆ ಹೇಳುವ ದಿನಚರಿ ನಾಲ್ಕೇ ಮಾತಿನದು. ಉಗುರುಬೆಚ್ಚಗಿನ ನೀರಿನಲ್ಲಿ, ಸೋಪಿಲ್ಲದ ಪರಿಮಳವಿಲ್ಲದ ದ್ರವವನ್ನು ಬೆರಳತುದಿಯಿಂದಷ್ಟೇ ಆಡಿಸಿ ತೊಳೆಯತಕ್ಕದ್ದು. ಮೆತ್ತನೆಯ ಬಟ್ಟೆಯನ್ನು ಒತ್ತಿ ನೀರು ತೆಗೆಯತಕ್ಕದ್ದಲ್ಲದೆ ಉಜ್ಜತಕ್ಕದ್ದಲ್ಲ. ತೇವ ಕಾಯುವ ಸಾದಾ ಲೇಪನವನ್ನು ಸವರತಕ್ಕದ್ದು. ಹಗಲಿನಲ್ಲಿ ಸತುವಿನ ಭಸ್ಮವುಳ್ಳ ಬಿಸಿಲುಕಾಪಿನ ಕ್ರೀಮನ್ನೂ ಛತ್ರಿಯನ್ನೂ ಮರೆಯತಕ್ಕದ್ದಲ್ಲ. ಹೊಸ ಪದಾರ್ಥ ಯಾವುದೇ ಆಗಲಿ, ಕಿವಿಯ ಹಿಂದೆಯೋ ಕತ್ತಿನ ಪಕ್ಕದಲ್ಲಿಯೋ ಕೆಲವು ದಿನ ಹಚ್ಚಿ ನೋಡಿ ಆಮೇಲೆ ಮುಖಕ್ಕೆ ತರುವುದು ಕ್ಷೇಮ. ಕಡಲೆಹಿಟ್ಟಿನ ತಿಕ್ಕಾಟ, ನಿಂಬೆರಸ, ಮುಖದ ಹಬೆ ಮುಂತಾದ ನಮ್ಮ ಮನೆಮದ್ದುಗಳು ಬೇರೆಯವರಿಗೆ ಹಿತವಾದರೂ ಈ ಚರ್ಮಕ್ಕೆ ಉಪದ್ರವವೇ. ಗುಳ್ಳೆಗಳೆದ್ದರೆ, ಕಣ್ಣು ಉರಿದರೆ, ವೈದ್ಯರನ್ನು ಕಾಣಲು ತಡಮಾಡಬಾರದು.

ಒಂದು ವಿಚಾರ ಉಳಿಯಿತು. ಕವಿ, ಚಿತ್ರಕಾರ, ಕ್ಷೌರಿಕ, ವರ್ಗೀಕಾರ ಇವರೆಲ್ಲರೂ ಕಂಡದ್ದು ಬಿಳಿಯ ಚರ್ಮದ ಮೇಲಿನ ಕೆಂಪನ್ನು. ಅವರ ಗ್ರಂಥಗಳಿಂದಲೇ ಕಲಿತ ವೈದ್ಯಲೋಕ ಇದು ಯೂರೋಪಿಯನ್ನರ ಕಾಯಿಲೆಯೆಂದು ಬಹುಕಾಲ ನಂಬಿತು. ಶ್ಯಾಮಲವರ್ಣದ ಕೆನ್ನೆಯಲ್ಲಿಯೂ ಈ ವ್ಯಾಧಿ ಇದೆ; ಆದರೆ ಕೆಂಪು ಅಲ್ಲಿ ಕಂದಿನೊಳಗೆ ಮುಳುಗಿ, ಎಷ್ಟೋ ವೇಳೆ ತಿಳಿದ ವೈದ್ಯರ ಕಣ್ಣನ್ನೂ ತಪ್ಪಿಸುತ್ತದೆ; ಮೊಡವೆಯೆಂದೋ ಸೋಪಿನ ಅಲರ್ಜಿಯೆಂದೋ ಚೀಟಿ ಬರೆಯಲ್ಪಡುತ್ತದೆ. ಒಲೆಯ ಮುಂದೆ ನಿಂತರೆ ಮುಖ ಉರಿಯುತ್ತದೆ, ಯಾವ ಕ್ರೀಮು ಹಚ್ಚಿದರೂ ಚುರುಗುಟ್ಟುತ್ತದೆ ಎಂಬ ರೋಗಿಯ ಮಾತೇ ಇಲ್ಲಿ ಮುಖ್ಯ ಸಾಕ್ಷಿ. ನೋಡಿದೊಡನೆ ತೀರ್ಮಾನಕ್ಕೆ ಬರುವ ಅಭ್ಯಾಸ ಈ ವ್ಯಾಧಿಯುಳ್ಳವರಿಗೆ ಆರುನೂರು ವರ್ಷ ಹಾನಿಯನ್ನೇ ಮಾಡಿದೆ. ನಮ್ಮ ನಾಡಿನಲ್ಲಿ ಅದು ಹಾನಿಯಷ್ಟೇ ಅಲ್ಲ, ನಿರುಪಯೋಗಿಯೂ ಹೌದು. ಆದುದರಿಂದ ಇಲ್ಲಿ ಉಪಚಾರ ಮೃದುವಾಗಬೇಕಾದರೆ, ಲೇಪನವನ್ನು ಆರಿಸುವುದಕ್ಕೆ ಮೊದಲು ವೈದ್ಯನಾದವನು ಎದುರಿಗೆ ಕುಳಿತವರನ್ನು ಎಲ್ಲಿ ಉರಿಯುತ್ತದೆ, ಯಾವಾಗ ಉರಿಯುತ್ತದೆ, ಇದುವರೆಗೆ ಏನೇನು ಹಚ್ಚಿದಿರಿ ಎಂದು ಕೇಳಿ, ಉತ್ತರ ಪೂರ್ತಿಯಾಗುವ ತನಕ ಕುಳಿತು ಕೇಳಬೇಕಾಗುತ್ತದೆ.